ವಿಡಿಯೋ ಎಷ್ಟು ಹೊತ್ತಿನದು ಅಂತ ಬ್ರೌಸರ್‌ಗೆ ಹೇಳುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಸುತ್ತ ಇವೆ. ತಮ್ಮದೇ ಸೈಟಿನಲ್ಲಿ ವಿಡಿಯೋ ಹಾಕಿದ್ದಾರೆ, ಚಿಕ್ಕದಾಗಲಿ ಅಂತ ಕನ್ವರ್ಟ್ ಮಾಡಿದ್ದಾರೆ, ಓಡುವುದೇನೋ ಓಡುತ್ತದೆ, ಆದರೆ ಪ್ಲೇಯರ್ ಕೆಳಗೆ ಒಟ್ಟು ಸಮಯ ಸರಿಯಾಗಿ ಬರುವುದಿಲ್ಲ. ಇದನ್ನು ಸಣ್ಣ ತೊಂದರೆ ಅಂದುಕೊಳ್ಳಬೇಡಿ. ವಿಡಿಯೋ ಹತ್ತು ನಿಮಿಷದ್ದೋ ಎರಡು ಗಂಟೆಯದ್ದೋ ಗೊತ್ತಾಗದೆ ಎಷ್ಟೋ ಜನ ಪ್ಲೇ ಒತ್ತುವುದೇ ಇಲ್ಲ. ಮೊಬೈಲ್ ಡೇಟಾ ಲೆಕ್ಕ ಹಾಕಿ ಬಳಸುವವರಂತೂ ಮೊದಲು ನೋಡುವುದೇ ಆ ಅಂಕಿಯನ್ನು. ಅದಕ್ಕೇ ಈ ಸಂಚಿಕೆಯ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಯಕ್ಷಗಾನ ರೆಕಾರ್ಡಿಂಗ್‌ಗಳಿಗಾಗಿ ಒಂದು ಸೈಟ್ ನಡೆಸುತ್ತೇನೆ. ಒಂದೊಂದು ಪ್ರಸಂಗ ಮೂರು ಗಂಟೆಯದ್ದು, ಕೆಲವು ಇಡೀ ರಾತ್ರಿಯವು. ಮೂಲ ಫೈಲ್ ತುಂಬಾ ದೊಡ್ಡದು. ಹಾಗಾಗಿ ಯಾರಾದರೂ ಪ್ಲೇ ಒತ್ತಿದ ಕೂಡಲೇ ಸರ್ವರ್‌ನಲ್ಲಿ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಕನ್ವರ್ಟ್ ಮಾಡುವ ಪ್ರೋಗ್ರಾಂ ಓಡಿಸಿ, ಅದು ಕನ್ವರ್ಟ್ ಮಾಡುತ್ತಾ ಹೋದ ಹಾಗೆ ವೆಬ್‌ಎಂ ಮಾದರಿಯ ವಿಡಿಯೋ ಆಗಿ ನೇರ ಬ್ರೌಸರ್‌ಗೆ ಕಳಿಸುತ್ತೇನೆ. ಚಿತ್ರ, ಚೆಂಡೆ ಸದ್ದು ಎಲ್ಲ ಚೆನ್ನಾಗಿದೆ. ಆದರೆ ಒಟ್ಟು ಸಮಯ ಕಾಣುವುದಿಲ್ಲ, ಮುಂದಕ್ಕೆ ಎಳೆದರೂ ಹೋಗುವುದಿಲ್ಲ. ಮೂಲ ಫೈಲನ್ನೇ ಹಾಕಿದರೆ ಎಲ್ಲ ಸರಿ ಇರುತ್ತದೆ. ಯಾಕೆ ಹೀಗೆ? — ಓದುಗರು, ಕುಂದಾಪುರ

ಉತ್ತರ: ಬ್ರೌಸರ್ ಇಡೀ ವಿಡಿಯೋ ಓಡಿಸಿ ನೋಡಿ ಅದರ ಉದ್ದ ಕಂಡುಹಿಡಿಯುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ಫೈಲಿನಲ್ಲಿ ಯಾರೋ ಬರೆದಿಟ್ಟ ಅಂಕಿಯನ್ನು ಅದು ಓದುತ್ತದೆ, ಅಷ್ಟೇ. ಬರೆದಿಲ್ಲ ಅಂದರೆ ಅದಕ್ಕೆ ಗೊತ್ತಿಲ್ಲ.

ಎಂಪಿ4 ಫೈಲಿನಲ್ಲಿ ಈ ಅಂಕಿ ಇರುವುದು 'ಮೂವ್' ಅನ್ನುವ ಪೆಟ್ಟಿಗೆಯೊಳಗೆ. ಅದರೊಳಗೆ 'ಎಂವಿಎಚ್‌ಡಿ' ಅಂತ ಇನ್ನೊಂದು ಚಿಕ್ಕ ಪೆಟ್ಟಿಗೆ. ಅಲ್ಲಿ ಎರಡು ಅಂಕಿ ಇರುತ್ತವೆ. ಒಂದು, ಸೆಕೆಂಡಿಗೆ ಎಷ್ಟು ಭಾಗ ಅನ್ನುವುದು. ಇನ್ನೊಂದು, ಒಟ್ಟು ಎಷ್ಟು ಭಾಗ ಅನ್ನುವುದು. ಎಫ್‌ಎಫ್‌ಎಂಪೆಗ್ ಬರೆದ ಫೈಲಿನಲ್ಲಿ ಮೊದಲನೆಯದು ಸಾಮಾನ್ಯವಾಗಿ 1000. ನಿಮ್ಮ ಮೂರು ಗಂಟೆಯ ಪ್ರಸಂಗಕ್ಕೆ ಎರಡನೆಯದು 1,08,00,000. ಇದನ್ನು ಅದರಿಂದ ಭಾಗಿಸಿದರೆ 10,800 ಸೆಕೆಂಡ್, ಅಂದರೆ ಮೂರು ಗಂಟೆ ಸರಿಯಾಗಿ. ವೆಬ್‌ಎಂನಲ್ಲೂ ಇದೇ ರೀತಿ. ಅದು ಮಟ್ರೋಸ್ಕಾ ಅನ್ನುವ ಹಳೆಯ ಮಾದರಿಯ ಮೇಲೆ ಕಟ್ಟಿದ್ದು. ಫೈಲಿನ ಶುರುವಿನಲ್ಲಿ 'ಇನ್ಫೋ' ಅನ್ನುವ ಭಾಗ, ಅದರೊಳಗೆ 'ಡ್ಯುರೇಷನ್' ಅಂತ ಒಂದು ಅಂಕಿ, ಮಾಮೂಲಿಯಾಗಿ ಮಿಲಿಸೆಕೆಂಡ್ ಲೆಕ್ಕದಲ್ಲಿ.

ಈಗ ಕನ್ವರ್ಟ್ ಮಾಡುವ ಪ್ರೋಗ್ರಾಂ ಕಡೆಯಿಂದ ನೋಡಿ. ಅದು ವೆಬ್‌ಎಂ ಫೈಲಿನ ತಲೆಭಾಗ ಬರೆಯುವಾಗ ಕೆಲಸ ಈಗಷ್ಟೇ ಶುರು ಆಗಿರುತ್ತದೆ. ಕೊನೆಯ ಫ್ರೇಮ್ ಎಲ್ಲಿ ಬೀಳುತ್ತದೆ ಅಂತ ಅದಕ್ಕೆ ಗೊತ್ತಾಗುವುದು ಕೊನೆಯ ಫ್ರೇಮ್ ಬಂದ ಮೇಲೆಯೇ. ಅದಕ್ಕೆ ಅದು ತಲೆಭಾಗದಲ್ಲಿ ಸ್ವಲ್ಪ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ, ಎಲ್ಲ ಮುಗಿದ ಮೇಲೆ ಹಿಂದಕ್ಕೆ ಬಂದು ಆ ಜಾಗದಲ್ಲಿ ಅಂಕಿ ತುಂಬುತ್ತದೆ. ಡಿಸ್ಕ್‌ನಲ್ಲಿರುವ ಫೈಲಿಗೆ ಇದು ಸಲೀಸು. ಆದರೆ ನೀವು ಬರೆಸುತ್ತಿರುವುದು ಡಿಸ್ಕ್‌ಗಲ್ಲ, ಪೈಪ್‌ಗೆ, ಅಂದರೆ ಎಲ್ಲೂ ಉಳಿಸದೆ ನೇರ ಮುಂದಕ್ಕೆ ಹರಿಸುವ ದಾರಿಗೆ. ಪೈಪ್‌ನಲ್ಲಿ ಒಮ್ಮೆ ಹೋದ ಬೈಟ್ ಹೋಯಿತು. ತಲೆಭಾಗ ಮೂರು ಗಂಟೆ ಹಿಂದೆಯೇ ಉಡುಪಿಯಲ್ಲೋ ದುಬೈಯಲ್ಲೋ ಕೂತು ನೋಡುತ್ತಿರುವವರ ಮೊಬೈಲ್ ಸೇರಿ ಆಗಿದೆ. ಇನ್ನು ವಾಪಸ್ ಹೋಗಿ ತಿದ್ದುವುದು ಎಲ್ಲಿಂದ?

ಅಂಕಿ ಇಲ್ಲದ ವಿಡಿಯೋ ಬಂದಾಗ ಬ್ರೌಸರ್ ಅದನ್ನು ನೇರಪ್ರಸಾರದ ತರಹ ನೋಡುತ್ತದೆ. ಮುಗಿಯುವುದು ಯಾವಾಗಲೋ ಗೊತ್ತಿಲ್ಲ ಅಂದುಕೊಂಡು ಅವಧಿಯನ್ನು 'ಇನ್ಫಿನಿಟಿ' ಅಂತ ಇಟ್ಟುಕೊಳ್ಳುತ್ತದೆ, ಇಲ್ಲವೇ ಬಂದಷ್ಟನ್ನೇ ಅಳೆದು ತೋರಿಸುತ್ತಾ ಹೋಗುತ್ತದೆ. ನೀವು ಎಂಪಿ4 ಪ್ರಯತ್ನಿಸಿದರೂ ಇದೇ ಕಥೆ. ಸಾದಾ ಎಂಪಿ4ನ್ನು ಪೈಪ್‌ಗೆ ಬರೆಯಲು ಎಫ್‌ಎಫ್‌ಎಂಪೆಗ್ ಒಪ್ಪುವುದೇ ಇಲ್ಲ. ತುಂಡು ತುಂಡಾದ ಎಂಪಿ4 ಮಾಡಿಸಿದರೆ ಒಪ್ಪುತ್ತದೆ, ಆದರೆ ಆಗ ಎಂವಿಎಚ್‌ಡಿ ಪೆಟ್ಟಿಗೆಯಲ್ಲಿ ಅವಧಿಯ ಜಾಗದಲ್ಲಿ ಸೊನ್ನೆ ಕೂತಿರುತ್ತದೆ.

ನನಗೆ ಮುಖ್ಯ ಅನಿಸುವ ಮಾತು ಇದು: ಎಫ್‌ಎಫ್‌ಎಂಪೆಗ್‌ಗೆ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತಿದೆ ಅಲ್ವಾ? ಮೂಲ ಫೈಲ್ ನಿಮ್ಮ ಸರ್ವರ್‌ನಲ್ಲೇ ಇದೆ. ಅದರ ಅವಧಿ ಅದರಲ್ಲೇ ಬರೆದಿದೆ. ಎಫ್‌ಎಫ್‌ಪ್ರೋಬ್ ಅಂತ ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಪ್ರೋಗ್ರಾಂ ಇದೆ, ಅದನ್ನು ಕೇಳಿದರೆ ಕ್ಷಣದಲ್ಲಿ 10800.000000 ಅಂತ ಹೇಳುತ್ತದೆ. ಕನ್ವರ್ಟ್ ಮಾಡಿದರೆ ಸೈಜ್ ಬದಲಾಗುತ್ತದೆ, ಗುಣಮಟ್ಟ ಬದಲಾಗುತ್ತದೆ, ಅವಧಿ ಬದಲಾಗುವುದಿಲ್ಲ. ಹಾಗಿರುವಾಗ ಗೊತ್ತಿರುವ ಅಂಕಿಯನ್ನು ನೋಡುವವರಿಗೆ ಮುಟ್ಟಿಸದೆ ಇರುವುದಕ್ಕೆ ಕಾರಣವೇ ಇಲ್ಲ. ಪ್ರೋಬ್ ಮಾಡಿದ ಅಂಕಿಯನ್ನು ಡೇಟಾಬೇಸ್‌ನಲ್ಲಿ ಇಡಿ, ಪುಟ ತಯಾರಾಗುವಾಗಲೇ ಎಚ್‌ಟಿಎಂಎಲ್‌ನಲ್ಲಿ ಬರೆದು ಕಳಿಸಿ, ಸೀಕ್‌ಬಾರ್ (ಹಿಂದೆ ಮುಂದೆ ಎಳೆಯುವ ಗೆರೆ) ನಿಮ್ಮದೇ ಮಾಡಿಕೊಂಡು ಅದಕ್ಕೆ ಈ ಅಂಕಿ ಕೊಡಿ.

ಕೋಡ್ ಬರೆಯಲು ಬರುವವರು ಇನ್ನೂ ಒಂದು ಹೆಜ್ಜೆ ಹೋಗಬಹುದು. ಪೈಪ್‌ನಿಂದ ಬರುವ ವೆಬ್‌ಎಂ ತಲೆಭಾಗವನ್ನು ತಡೆದು, ಇನ್ಫೋ ಭಾಗದಲ್ಲಿ ಡ್ಯುರೇಷನ್ ಸೇರಿಸಿ ಆಮೇಲೆ ಕಳಿಸಬಹುದು. ಆಗ ಬ್ರೌಸರ್‌ನ ಸ್ವಂತ ಪ್ಲೇಯರ್ ಕೂಡ ಸರಿಯಾದ ಸಮಯ ತೋರಿಸುತ್ತದೆ. ಆದರೆ ಅಷ್ಟರಿಂದ ಮುಂದಕ್ಕೆ ಎಳೆಯುವ ತೊಂದರೆ ಬಗೆಹರಿಯುವುದಿಲ್ಲ. ಎರಡನೇ ಗಂಟೆಗೆ ಎಳೆದರೆ ಬ್ರೌಸರ್ ಕೇಳುವುದು ಫೈಲಿನ ಇಂಥ ಬೈಟ್‌ನಿಂದ ಕೊಡು ಅಂತ. ಆ ಬೈಟ್ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಎಳೆದ ಜಾಗದ ಸಮಯವನ್ನು ಲಿಂಕ್‌ನಲ್ಲೇ ಸೇರಿಸಿ ಸರ್ವರ್‌ಗೆ ಹೊಸ ಬೇಡಿಕೆ ಕಳಿಸಬೇಕು, ಎಫ್‌ಎಫ್‌ಎಂಪೆಗ್ ಅನ್ನು ಆ ಸಮಯದಿಂದಲೇ ಹೊಸದಾಗಿ ಶುರು ಮಾಡಿಸಬೇಕು. ಆಗ ವಿಡಿಯೋ ಮತ್ತೆ ಸೊನ್ನೆಯಿಂದ ಎಣಿಸಲು ಶುರು ಮಾಡುತ್ತದೆ. ಎರಡು ಗಂಟೆಯನ್ನು ನೀವೇ ಕೂಡಿಸಿ ತೋರಿಸಬೇಕು. ಇದನ್ನು ಮರೆತರೆ ಎಳೆದ ಕೂಡಲೇ ಗೆರೆ ಎಡಕ್ಕೆ ಜಿಗಿಯುತ್ತದೆ.

ಇಷ್ಟೆಲ್ಲ ಕಷ್ಟ ಬೇಡ ಅಂದರೆ ಎಚ್‌ಎಲ್‌ಎಸ್ ಬಳಸಿ. ಇದರಲ್ಲಿ ವಿಡಿಯೋ ಚಿಕ್ಕ ಚಿಕ್ಕ ತುಂಡುಗಳಾಗಿ ಹೋಗುತ್ತದೆ, ಅದಕ್ಕೂ ಮೊದಲು ಒಂದು ಪಟ್ಟಿ ಹೋಗುತ್ತದೆ. ಪಟ್ಟಿಯಲ್ಲಿ ಪ್ರತಿ ತುಂಡಿನ ಮುಂದೆ ಅದರ ಅವಧಿ ಬರೆದಿರುತ್ತದೆ. ಕೊನೆಯಲ್ಲಿ 'ಎಂಡ್‌ಲಿಸ್ಟ್' ಅನ್ನುವ ಸಾಲು ಇದ್ದರೆ ಪ್ಲೇಯರ್ ಎಲ್ಲವನ್ನೂ ಕೂಡಿಸಿ ಒಟ್ಟು ಸಮಯ ತೋರಿಸುತ್ತದೆ. ಆ ಸಾಲು ಇಲ್ಲ ಅಂದರೆ ಮತ್ತೆ ನೇರಪ್ರಸಾರ ಅಂತಲೇ ತಿಳಿಯುತ್ತದೆ. ಇದರಲ್ಲಿ ತುಂಡುಗಳು ತಯಾರಾಗುವ ಮುಂಚೆಯೇ ಪಟ್ಟಿ ಬರೆಯಬಹುದು, ಇದೇ ಇದರ ದೊಡ್ಡ ಅನುಕೂಲ. 10,800 ಸೆಕೆಂಡ್, ತುಂಡಿಗೆ 6 ಸೆಕೆಂಡ್, ಒಟ್ಟು 1,800 ತುಂಡು. ಪಟ್ಟಿ ಸಿದ್ಧ. ಯಾವ ತುಂಡು ಕೇಳಿದರೋ ಅದನ್ನು ಆಗ ಮಾಡಿಕೊಟ್ಟರಾಯಿತು. ಮನೆಯಲ್ಲಿ ಸಿನಿಮಾ ಸಂಗ್ರಹ ಇಟ್ಟುಕೊಂಡವರು ಬಳಸುವ ಜೆಲ್ಲಿಫಿನ್ ಸರ್ವರ್ ಕೂಡ ಹೀಗೇ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಪಟ್ಟಿಯಲ್ಲಿ 6 ಸೆಕೆಂಡ್ ಅಂತ ಬರೆದ ಮೇಲೆ ತುಂಡು ನಿಜವಾಗಿ 6 ಸೆಕೆಂಡೇ ಇರಬೇಕು. ತುಂಡು ಕತ್ತರಿಸಲು ಆಗುವುದು ಕೀಫ್ರೇಮ್ (ಹಿಂದಿನ ಫ್ರೇಮ್‌ಗಳ ಆಸರೆ ಬೇಡದ ಪೂರ್ತಿ ಚಿತ್ರ) ಇರುವ ಕಡೆ ಮಾತ್ರ. ವಿಡಿಯೋ ಹಿಂಡುವ ಎಕ್ಸ್264 ಎನ್‌ಕೋಡರ್‌ಗೆ ಏನೂ ಹೇಳದೆ ಬಿಟ್ಟರೆ ಎರಡು ಕೀಫ್ರೇಮ್ ನಡುವೆ 250 ಫ್ರೇಮ್‌ವರೆಗೆ ಬಿಡುತ್ತದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ 10 ಸೆಕೆಂಡ್ ಆಯಿತು. ಆಗ ಪಟ್ಟಿಗೂ ತುಂಡಿಗೂ ತಾಳೆ ಆಗುವುದಿಲ್ಲ, ಎಳೆದಾಗ ಪದ್ಯದ ಮಧ್ಯಕ್ಕೆ ಬದಲು ಇನ್ನೆಲ್ಲೋ ಹೋಗಿ ನಿಲ್ಲುತ್ತದೆ. ಪ್ರತಿ 150 ಫ್ರೇಮ್‌ಗೆ ಒಂದು ಕೀಫ್ರೇಮ್ ಇರಲೇಬೇಕು ಅಂತ ಕಡ್ಡಾಯ ಮಾಡಿ. ಎಚ್‌ಎಲ್‌ಎಸ್ ಸಫಾರಿಯಲ್ಲಿ ನೇರ ಓಡುತ್ತದೆ. ನೇರ ಓಡಿಸಲು ಬಾರದ ಬ್ರೌಸರ್‌ಗಳಿಗಾಗಿ ಎಚ್‌ಎಲ್‌ಎಸ್.ಜೆಎಸ್ ಅನ್ನುವ ಉಚಿತ ಲೈಬ್ರರಿ ಪುಟಕ್ಕೆ ಸೇರಿಸಿಕೊಳ್ಳಿ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಬೇರೆಯೇ. ನಿಮ್ಮ ರೆಕಾರ್ಡಿಂಗ್‌ಗಳು ದಿನಾ ಬದಲಾಗುವಂಥವಲ್ಲ. ಒಮ್ಮೆ ಕನ್ವರ್ಟ್ ಮಾಡಿ ಡಿಸ್ಕ್‌ನಲ್ಲಿ ಇಟ್ಟುಬಿಡಿ. ಸೆಕೆಂಡಿಗೆ 800 ಕಿಲೋಬಿಟ್ ಲೆಕ್ಕದಲ್ಲಿ ಮೂರು ಗಂಟೆಯ ಪ್ರಸಂಗಕ್ಕೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ ಜಾಗ ಬೇಕು. ಪ್ರತಿಯೊಬ್ಬರು ಪ್ಲೇ ಒತ್ತಿದಾಗಲೂ ಸರ್ವರ್ ಬಿಸಿ ಮಾಡುವುದಕ್ಕಿಂತ ಇದು ಎಷ್ಟೋ ಅಗ್ಗ. ಅವಧಿ, ಎಳೆಯುವುದು ಎರಡೂ ತಾನಾಗೇ ಸರಿಹೋಗುತ್ತವೆ.

ಪ್ರಶ್ನೆ: ಸರ್ವರ್ ಕಡೆಯಿಂದ 'ಎಕ್ಸ್-ಕಂಟೆಂಟ್-ಡ್ಯುರೇಷನ್' ಅನ್ನುವ ಹೆಡರ್ (ಫೈಲಿಗೂ ಮೊದಲು ಹೋಗುವ ಮಾಹಿತಿಯ ಸಾಲು) ಕಳಿಸಿದರೆ ಬ್ರೌಸರ್ ಅವಧಿಯನ್ನು ಅದರಿಂದಲೇ ತೆಗೆದುಕೊಳ್ಳುತ್ತದೆ ಅಂತ ಓದಿದೆ. ಸೆಕೆಂಡ್ ಲೆಕ್ಕದಲ್ಲಿ ಸರಿಯಾಗಿಯೇ ಹಾಕಿದ್ದೇನೆ. ಕ್ರೋಮ್‌ನಲ್ಲೂ ಇಲ್ಲ, ಫೈರ್‌ಫಾಕ್ಸ್‌ನಲ್ಲೂ ಇಲ್ಲ, ಏನೂ ಬದಲಾಗಲಿಲ್ಲ. ನಾನು ಹಾಕಿದ ರೀತಿ ತಪ್ಪೇ? — ಓದುಗರು, ಮೈಸೂರು

ಉತ್ತರ: ನೀವು ಹಾಕಿದ ರೀತಿ ತಪ್ಪಲ್ಲ. ಆ ಹೆಡರ್ ಕೇಳುವ ಬ್ರೌಸರ್ ಈಗ ಇಲ್ಲ.

ಇದರ ಹಿಂದೆ ಒಂದು ಕಥೆ ಇದೆ. 2009ರ ಜೂನ್‌ನಲ್ಲಿ ಫೈರ್‌ಫಾಕ್ಸ್ 3.5 ಬಂತು. ಪ್ಲಗಿನ್ ಇಲ್ಲದೆ ಪುಟದಲ್ಲೇ ವಿಡಿಯೋ ಓಡಿಸುವುದು ಅದರಲ್ಲಿ ಸಾಧ್ಯವಾಯಿತು. ಅದು ಒಪ್ಪುತ್ತಿದ್ದದ್ದು 'ಆಗ್' (Ogg) ಅನ್ನುವ ಮಾದರಿಯ ಫೈಲುಗಳನ್ನು, ಒಳಗೆ ಚಿತ್ರಕ್ಕೆ ಥಿಯೋರಾ, ಧ್ವನಿಗೆ ವೋರ್ಬಿಸ್. ಪೇಟೆಂಟ್ ಗೊಡವೆ ಇಲ್ಲದ ಮುಕ್ತ ಮಾದರಿ ಅನ್ನುವುದು ಇದರ ದೊಡ್ಡ ಗುಣ. ಆದರೆ ಆಗ್ ಫೈಲಿನ ತಲೆಭಾಗದಲ್ಲಿ ಅವಧಿ ಬರೆಯಲು ಜಾಗವೇ ಇರಲಿಲ್ಲ. ಆಗ್ ಫೈಲ್ ಅಂದರೆ ಒಂದರ ಹಿಂದೆ ಒಂದು ಜೋಡಿಸಿದ ಪುಟಗಳು. ಪ್ರತಿ ಪುಟದಲ್ಲೂ 'ಇಲ್ಲಿಗೆ ಇಷ್ಟಾಯಿತು' ಅನ್ನುವ ಒಂದು ಗುರುತು ಇರುತ್ತದೆ. ಒಟ್ಟು ಎಷ್ಟು ಅಂತ ತಿಳಿಯಲು ಕೊನೆಯ ಪುಟದ ಗುರುತನ್ನೇ ನೋಡಬೇಕು. ಮುಖಪುಟದಲ್ಲಿ ಬರೆಯದ ಪುಸ್ತಕದ ಪುಟಸಂಖ್ಯೆ ತಿಳಿಯಲು ಕೊನೆಯ ಹಾಳೆ ತಿರುವಿದ ಹಾಗೆ.

ಹಾಗಾಗಿ ಫೈರ್‌ಫಾಕ್ಸ್ ಏನು ಮಾಡಬೇಕಿತ್ತು? ಫೈಲಿನ ಶುರು ತರಿಸಿಕೊಂಡ ಮೇಲೆ, ಒಟ್ಟು ಸಮಯ ತೋರಿಸುವುದಕ್ಕೋಸ್ಕರ ಸುಮ್ನೆ ಇನ್ನೊಂದು ಸಲ ಸರ್ವರ್‌ಗೆ ಹೋಗಿ ಫೈಲಿನ ಬಾಲವನ್ನೂ ತರಿಸಬೇಕಿತ್ತು. ಆಗಿನ ನೆಟ್ ವೇಗದಲ್ಲಿ ಇದು ಸಣ್ಣ ಖರ್ಚಲ್ಲ. ಬಾಲ ಮಾತ್ರ ಕೊಡಲು ಬಾರದ ಸರ್ವರ್ ಆದರೆ ಅವಧಿ ಸಿಗುತ್ತಲೇ ಇರಲಿಲ್ಲ. ಅದಕ್ಕೇ ಈ ಹೆಡರ್ ಹುಟ್ಟಿತು. ಅವಧಿ ಸರ್ವರ್‌ಗೆ ಗೊತ್ತಿದ್ದರೆ ಮೊದಲ ಉತ್ತರದಲ್ಲೇ ಹೇಳಿಬಿಡಲಿ ಅಂತ. ಯೋಚನೆ ಒಳ್ಳೆಯದೇ ಆಗಿತ್ತು. ಆದರೆ ಬೇರೆ ಬ್ರೌಸರ್‌ಗಳು ಇದನ್ನು ಎತ್ತಿಕೊಳ್ಳಲಿಲ್ಲ, 2010ರಲ್ಲಿ ಬಂದ ವೆಬ್‌ಎಂಗೆ ಇದರ ಅಗತ್ಯ ಇರಲಿಲ್ಲ, ಕೊನೆಗೆ 2015ರಲ್ಲಿ ಫೈರ್‌ಫಾಕ್ಸ್ 41ರಲ್ಲಿ ಇದನ್ನು ತೆಗೆದೇ ಹಾಕಿದರು. ಈಗ ಕ್ರೋಮ್, ಫೈರ್‌ಫಾಕ್ಸ್ ಎರಡೂ ಥಿಯೋರಾವನ್ನೇ ಕೈಬಿಟ್ಟಿವೆ. ಹಳೆಯ ಸಲಹೆಗಳು ಮಾತ್ರ ಅಲ್ಲಲ್ಲಿ ಉಳಿದುಕೊಂಡಿವೆ. ನಿಮ್ಮ ಕೈಗೆ ಸಿಕ್ಕಿದ್ದು ಅಂಥದ್ದೇ.

ಹೆಡರ್ ಸತ್ತರೂ ಅದರ ಹಿಂದಿನ ಯೋಚನೆ ಬದುಕಿದೆ. ವಿಕಿಮೀಡಿಯ ಕಾಮನ್ಸ್ ನೋಡಿ. ಕನ್ನಡ ವಿಕಿಪೀಡಿಯದ ಲೇಖನಗಳಲ್ಲಿ ಕಾಣುವ ವಿಡಿಯೋಗಳು ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತವೆ. ಪೇಟೆಂಟ್ ಕಾರಣಕ್ಕೆ ಅಲ್ಲಿ ಎಂಪಿ4 ತೆಗೆದುಕೊಳ್ಳುವುದಿಲ್ಲ, ವೆಬ್‌ಎಂ ಮತ್ತು ಆಗ್ ತೆಗೆದುಕೊಳ್ಳುತ್ತಾರೆ. ಯಾರಾದರೂ ಒಂದು ವಿಡಿಯೋ ಏರಿಸಿದರೆ ಅಲ್ಲಿನ ಸರ್ವರ್‌ಗಳು ಅದನ್ನು ಬೇರೆ ಬೇರೆ ಸೈಜಿಗೆ ಟ್ರಾನ್ಸ್‌ಕೋಡ್ (ಕನ್ವರ್ಟ್) ಮಾಡಿ ಇಡುತ್ತವೆ. ಪುಟದ ಮೂಲ ಕೋಡ್ ತೆರೆದು ವಿಡಿಯೋ ಟ್ಯಾಗ್ ಹುಡುಕಿದರೆ ಅದರಲ್ಲಿ 'ಡೇಟಾ-ಡ್ಯುರೇಷನ್‌ಹಿಂಟ್' ಅಂತ ಒಂದು ಗುಣ ಕಾಣುತ್ತದೆ, ಎದುರಿಗೆ ಸೆಕೆಂಡುಗಳು. ಮೂಲ ಫೈಲ್ ಏರಿಸಿದಾಗಲೇ ಅಳೆದಿಟ್ಟುಕೊಂಡ ಅಂಕಿ ಅದು. ವಿಡಿಯೋದ ಒಂದು ಬೈಟ್ ಕೂಡ ಇಳಿಸಿಕೊಳ್ಳುವ ಮುಂಚೆ ಪ್ಲೇಯರ್‌ಗೆ ಒಟ್ಟು ಸಮಯ ಗೊತ್ತಿರುತ್ತದೆ. ನೀವೂ ಹೆಡರ್ ಬಿಟ್ಟು ಇದನ್ನೇ ಮಾಡಿ. ಹೆಡರನ್ನು ಬ್ರೌಸರ್ ಓದುತ್ತದೋ ಇಲ್ಲವೋ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಪುಟದಲ್ಲಿ ನೀವು ಬರೆದ ಗುಣವನ್ನು ನಿಮ್ಮ ಸ್ಕ್ರಿಪ್ಟ್ ಓದೇ ಓದುತ್ತದೆ.

ಪ್ರಶ್ನೆ: ನಾನು ಮೊದಲೇ ಎಂಪಿ4 ಮಾಡಿ ಇಟ್ಟಿದ್ದೇನೆ. ಕಂಪ್ಯೂಟರ್‌ನಲ್ಲಿ ತೆರೆದರೆ ಅವಧಿ ಸರಿಯಾಗಿದೆ. ಸೈಟಿನಲ್ಲಿ ಮಾತ್ರ ಅವಧಿ ಬರಲು ಬಹಳ ಹೊತ್ತು ಹಿಡಿಯುತ್ತದೆ. ಐಫೋನ್‌ನಲ್ಲಂತೂ ವಿಡಿಯೋ ಶುರುವೇ ಆಗುವುದಿಲ್ಲ. ಲಾಗಿನ್ ಆದವರಿಗೆ ಮಾತ್ರ ಕಾಣಲಿ ಅಂತ ಫೈಲನ್ನು ಒಂದು ಪಿಎಚ್‌ಪಿ ಸ್ಕ್ರಿಪ್ಟ್ ಮೂಲಕ ಕೊಡುತ್ತಿದ್ದೇನೆ. — ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ತಡ ಆಗುವುದು ಮೂವ್ ಪೆಟ್ಟಿಗೆ ಫೈಲಿನ ಕೊನೆಯಲ್ಲಿ ಇರುವುದರಿಂದ. ಯಾವ ಫ್ರೇಮ್ ಎಲ್ಲಿದೆ ಅನ್ನುವ ಪೂರ್ತಿ ಪಟ್ಟಿ ಆ ಪೆಟ್ಟಿಗೆಯಲ್ಲಿ ಇರುವುದರಿಂದ, ಎಫ್‌ಎಫ್‌ಎಂಪೆಗ್ ಅದನ್ನು ಎಲ್ಲ ಮುಗಿದ ಮೇಲೆ ಬಾಲದಲ್ಲಿ ಬರೆಯುತ್ತದೆ. ಕನ್ವರ್ಟ್ ಮಾಡುವಾಗ 'ಮೂವ್‌ಫ್ಲ್ಯಾಗ್ಸ್' ಆಯ್ಕೆಗೆ 'ಫಾಸ್ಟ್‌ಸ್ಟಾರ್ಟ್' ಅಂತ ಕೊಡಿ. ಮುಗಿದ ಮೇಲೆ ಅದು ಇನ್ನೊಂದು ಸುತ್ತು ಓಡಿ ಪೆಟ್ಟಿಗೆಯನ್ನು ಮುಂದಕ್ಕೆ ತಂದು ಇಡುತ್ತದೆ. ಈಗಾಗಲೇ ಮಾಡಿಟ್ಟ ಫೈಲುಗಳನ್ನು ಮತ್ತೆ ಕನ್ವರ್ಟ್ ಮಾಡುವ ಅಗತ್ಯ ಇಲ್ಲ. 'ಕಾಪಿ' ಆಯ್ಕೆ ಜೊತೆ ಫಾಸ್ಟ್‌ಸ್ಟಾರ್ಟ್ ಕೊಟ್ಟರೆ ಚಿತ್ರ, ಧ್ವನಿ ಮುಟ್ಟದೆ ಪೆಟ್ಟಿಗೆ ಮಾತ್ರ ಜಾಗ ಬದಲಿಸುತ್ತದೆ. ಗುಣಮಟ್ಟ ಒಂದು ಚೂರೂ ಕಡಿಮೆ ಆಗುವುದಿಲ್ಲ.

ಐಫೋನ್ ತೊಂದರೆ ನಿಮ್ಮ ಸ್ಕ್ರಿಪ್ಟ್‌ನದ್ದು. ಸಫಾರಿ ವಿಡಿಯೋ ಕೇಳುವಾಗ ಮೊದಲು ಬರೀ ಎರಡು ಬೈಟ್ ಕೇಳುತ್ತದೆ, ಸೊನ್ನೆಯಿಂದ ಒಂದರವರೆಗೆ. ಈ ಸರ್ವರ್‌ಗೆ ಫೈಲನ್ನು ಬೇಕಾದ ಕಡೆಯಿಂದ ತುಂಡಾಗಿ ಕೊಡಲು ಬರುತ್ತದೋ ಇಲ್ಲವೋ ಅಂತ ಪರೀಕ್ಷೆ ಅದು. ಸರಿಯಾದ ಉತ್ತರ ಅಂದರೆ 206 ಅನ್ನುವ ಸಂಖ್ಯೆ, ಜೊತೆಗೆ 'ಕಂಟೆಂಟ್-ರೇಂಜ್: ಬೈಟ್ಸ್ 0-1/48213377' ಅನ್ನುವ ಥರದ ಒಂದು ಸಾಲು. ಕೊನೆಯದು ಫೈಲಿನ ಒಟ್ಟು ಸೈಜ್. ನಿಮ್ಮ ಸ್ಕ್ರಿಪ್ಟ್ ಬಹುಶಃ ಏನು ಕೇಳಿದರೂ 200 ಅಂತ ಹೇಳಿ ಇಡೀ ಫೈಲನ್ನು ಸುರಿಯುತ್ತಿದೆ. ಎರಡು ಬೈಟ್ ಕೇಳಿದ್ದಕ್ಕೆ ಇಡೀ ಫೈಲ್ ಬಂದರೆ ಸಫಾರಿ ಅಲ್ಲಿಗೇ ನಿಲ್ಲಿಸಿಬಿಡುತ್ತದೆ.

ಹೀಗೆ ತುಂಡು ಕೇಳುವ ರೇಂಜ್ ಬೇಡಿಕೆಗೆ ಉತ್ತರಿಸುವ ಕೋಡ್ ನೀವೇ ಬರೆಯಬಹುದು, ಆದರೆ ಬರೆಯಬೇಡಿ. ಎನ್‌ಜಿನ್ಎಕ್ಸ್, ಅಪಾಚೆ ಅನ್ನುವ ವೆಬ್ ಸರ್ವರ್ ಪ್ರೋಗ್ರಾಂ ಎರಡಕ್ಕೂ ಡಿಸ್ಕ್‌ನಲ್ಲಿರುವ ಫೈಲನ್ನು ಹೀಗೆ ತುಂಡಾಗಿ ಕೊಡುವುದು ಮೊದಲಿನಿಂದಲೇ ಗೊತ್ತು. ಲಾಗಿನ್ ನೋಡುವ ಕೆಲಸ ಮಾತ್ರ ಪಿಎಚ್‌ಪಿ ಮಾಡಲಿ. ಸರಿ ಅನಿಸಿದರೆ 'ಎಕ್ಸ್-ಆಕ್ಸೆಲ್-ರಿಡೈರೆಕ್ಟ್' ಹೆಡರ್ ಕೊಟ್ಟು ಫೈಲ್ ಕೊಡುವ ಕೆಲಸವನ್ನು ಎನ್‌ಜಿನ್ಎಕ್ಸ್‌ಗೆ ಒಪ್ಪಿಸಿಬಿಡಿ. ಅಪಾಚೆಗೆ 'ಎಕ್ಸ್-ಸೆಂಡ್‌ಫೈಲ್' ಅಂತ ಇದೆ, ಮಾಡ್ಯೂಲ್ ಒಂದು ಹಾಕಿಕೊಳ್ಳಬೇಕು. ವಿಡಿಯೋಗಳ ಮೇಲೆ ಜಿಜಿಪ್ (ಕಳಿಸುವಾಗ ಹಿಂಡುವ ವ್ಯವಸ್ಥೆ) ಹಾಕಿದ್ದರೆ ತೆಗೆಯಿರಿ. ಈಗಾಗಲೇ ಹಿಂಡಿದ ವಿಡಿಯೋ ಅದರಿಂದ ಚಿಕ್ಕದಾಗುವುದಿಲ್ಲ, ಒಟ್ಟು ಸೈಜ್ ಹೇಳುವ ಸಾಲು ಮಾತ್ರ ಕಾಣೆಯಾಗುತ್ತದೆ.

ಪ್ರಶ್ನೆ: ಶಾಲೆಗಾಗಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಮಕ್ಕಳು ಕ್ರೋಮ್‌ನಲ್ಲೇ ತಮ್ಮ ಕನ್ನಡ ಪದ್ಯ ವಾಚನ ರೆಕಾರ್ಡ್ ಮಾಡಿ ಕಳಿಸುತ್ತಾರೆ. ವಾಪಸ್ ಓಡಿಸಿದರೆ ಅವಧಿ ಇನ್ಫಿನಿಟಿ. — ಶಿಕ್ಷಕಿ, ತುಮಕೂರು

ಉತ್ತರ: ಕುಂದಾಪುರದವರ ಕಾರಣವೇ ನಿಮ್ಮದೂ. ಬ್ರೌಸರ್‌ನ ಮೀಡಿಯಾರೆಕಾರ್ಡರ್ ರೆಕಾರ್ಡ್ ಆದ ಹಾಗೆ ತುಂಡು ತುಂಡಾಗಿ ಕೊಡುತ್ತಾ ಹೋಗುತ್ತದೆ. ಮೊದಲ ತುಂಡು ನಿಮ್ಮ ಕೈಗೆ ಬಂದಾಗ ಮಗು ಇನ್ನೂ ಎರಡನೇ ಸಾಲು ಓದುತ್ತಿರುತ್ತದೆ. ಅವಧಿ ಬರೆಯುವುದು ಹೇಗೆ?

ತಕ್ಷಣಕ್ಕೆ ಒಂದು ಉಪಾಯ ಇದೆ. ವಿಡಿಯೋ ತೆರೆದ ಕೂಡಲೇ 'ಕರೆಂಟ್‌ಟೈಮ್'ಗೆ ತುಂಬಾ ದೊಡ್ಡ ಸಂಖ್ಯೆ ಕೊಡಿ. ಬ್ರೌಸರ್ ಕೊನೆಯವರೆಗೆ ಹೋಗಿ ನಿಜವಾದ ಅವಧಿ ಕಂಡುಕೊಳ್ಳುತ್ತದೆ, 'ಡ್ಯುರೇಷನ್‌ಚೇಂಜ್' ಅನ್ನುವ ಸೂಚನೆ ಬರುತ್ತದೆ, ಆಗ ಮತ್ತೆ ಸೊನ್ನೆಗೆ ತನ್ನಿ. ಪೂರ್ತಿ ಇಳಿದ ಚಿಕ್ಕ ಫೈಲಿಗೆ ಇದು ಸಾಕು. ಆದರೆ ನೋಡುವ ಪ್ರತಿಯೊಬ್ಬರ ಮೊಬೈಲ್‌ನಲ್ಲೂ ಈ ಕೆಲಸ ನಡೆಯಬೇಕು, ಅದು ನನಗೆ ಸರಿ ಕಾಣುವುದಿಲ್ಲ. ಫೈಲ್ ಸರ್ವರ್ ತಲುಪಿದ ಮೇಲೆ ಅಲ್ಲೇ ಎಫ್‌ಎಫ್‌ಎಂಪೆಗ್‌ನಲ್ಲಿ ಕಾಪಿ ಆಯ್ಕೆ ಕೊಟ್ಟು ಹೊಸ ಫೈಲಿಗೆ ಬರೆಸಿ. ಪೈಪ್‌ಗಲ್ಲ, ಡಿಸ್ಕ್‌ಗೆ. ಅವಧಿಯೂ ಬರುತ್ತದೆ, ಎಳೆಯಲು ಬೇಕಾದ 'ಕ್ಯೂಸ್' ಪಟ್ಟಿಯೂ ಸೇರುತ್ತದೆ.

ಪ್ರಶ್ನೆ: ಮೂಲ ವಿಡಿಯೋ ಮತ್ತು ಟ್ರಾನ್ಸ್‌ಕೋಡ್ ಮಾಡಿದ್ದರ ಅವಧಿ ಒಂದೇ ಇರಬೇಕಲ್ಲ? ನನ್ನದರಲ್ಲಿ ಕೆಲವಕ್ಕೆ 0.04 ಸೆಕೆಂಡ್ ವ್ಯತ್ಯಾಸ, ಒಂದು ಹಳೆಯ ಸಿನಿಮಾಕ್ಕಂತೂ ನಿಮಿಷಗಟ್ಟಲೆ ವ್ಯತ್ಯಾಸ. ಯಾವುದನ್ನು ನಂಬಲಿ? — ಓದುಗರು, ಸಿಂಗಪುರ

ಉತ್ತರ: ಮೊದಲನೆಯದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎಎಸಿ ಧ್ವನಿಯಲ್ಲಿ ಒಂದು ಫ್ರೇಮ್‌ಗೆ 1,024 ಸ್ಯಾಂಪಲ್‌ಗಳು (ಧ್ವನಿಯ ಅಳತೆಗಳು), 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 21 ಮಿಲಿಸೆಕೆಂಡ್. ಈ ಎರಡು ಒಂದೇ ಕಡೆ ಮುಗಿಯುವುದು ಅಪರೂಪ. ಯಾವುದು ಉದ್ದವೋ ಅದನ್ನು ಫೈಲಿನ ಅವಧಿ ಅಂತ ಬರೆಯುತ್ತಾರೆ. ಮೇಲಾಗಿ ಎಎಸಿ ಎನ್‌ಕೋಡರ್ ಶುರುವಿನಲ್ಲಿ ಒಂದಿಷ್ಟು ಖಾಲಿ ಸ್ಯಾಂಪಲ್‌ಗಳನ್ನು ಸೇರಿಸುತ್ತದೆ. ಇವೆಲ್ಲ ಕೂಡಿ ಹತ್ತಾರು ಮಿಲಿಸೆಕೆಂಡ್ ಹೆಚ್ಚುಕಮ್ಮಿ ಆಗುತ್ತದೆ. ಕಣ್ಣಿಗೂ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ.

ಸಿನಿಮಾದ್ದು ಹಾಗಲ್ಲ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ. ನಮ್ಮ ಹಳೆಯ ಟಿವಿ ಪದ್ಧತಿ ಪಾಲ್, ಅದು 25 ಫ್ರೇಮ್‌ನದ್ದು. ಸಿನಿಮಾವನ್ನು ಪಾಲ್‌ಗೆ ತರುವಾಗ ಅದೇ ಫ್ರೇಮ್‌ಗಳನ್ನು ಸ್ವಲ್ಪ ಬೇಗ ಓಡಿಸುವುದು ಹಳೆಯ ರೂಢಿ. ಶೇಕಡಾ 4ರಷ್ಟು ವೇಗ ಜಾಸ್ತಿ. ಹಾಗಾಗಿ ಥಿಯೇಟರ್‌ನಲ್ಲಿ 150 ನಿಮಿಷ ಓಡಿದ ಸಿನಿಮಾ ಅಂಥ ಡಿವಿಡಿಯಲ್ಲಿ 144 ನಿಮಿಷ ಆಗುತ್ತದೆ. ಒಂದು ದೃಶ್ಯವೂ ಕತ್ತರಿಸಿಲ್ಲ, ಹಾಡಿನ ಶ್ರುತಿ ಮಾತ್ರ ಚೂರು ಏರಿರುತ್ತದೆ. ಒಳ್ಳೆಯ ಕಿವಿ ಇರುವವರಿಗೆ ಗೊತ್ತಾಗುತ್ತದೆ. ನಿಮ್ಮ ಎರಡು ಅವಧಿಗಳನ್ನು ಭಾಗಿಸಿ ನೋಡಿ. 0.96 ಬಂದರೆ ಇದೇ ಕಾರಣ. ಆಗ ನಂಬಬೇಕಾದದ್ದು ನೀವು ಜನರಿಗೆ ಓಡಿಸುವ ಫೈಲಿನ ಅವಧಿಯನ್ನು, ಎಲ್ಲೋ ಬರೆದಿರುವ ಸಿನಿಮಾದ ಅವಧಿಯನ್ನಲ್ಲ. ಸಬ್‌ಟೈಟಲ್ ಇದ್ದರೆ ಅದರ ಸಮಯಗಳನ್ನೂ 0.96ರಿಂದ ಗುಣಿಸಿ. ಇಲ್ಲದಿದ್ದರೆ ಒಂದು ಗಂಟೆ ಆಗುವಷ್ಟರಲ್ಲಿ ಮಾತು ಒಂದು ಕಡೆ, ಅಕ್ಷರ ಎರಡು ನಿಮಿಷ 24 ಸೆಕೆಂಡ್ ಹಿಂದೆ.

ಪ್ರಶ್ನೆ: ಸೆಟ್‌ಟಾಪ್ ಬಾಕ್ಸ್‌ನಿಂದ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿದ ಒಂದು ಗಂಟೆಯ ಕಾರ್ಯಕ್ರಮ 26 ಗಂಟೆ ಅಂತ ತೋರಿಸುತ್ತಿದೆ! — ಓದುಗರು, ಕಲಬುರಗಿ

ಉತ್ತರ: ಅದು ಟಿವಿ ಪ್ರಸಾರದಲ್ಲಿ ಬಳಸುವ ಟಿಎಸ್ ಮಾದರಿಯ ಫೈಲ್ ಇರಬೇಕು. ಅದರಲ್ಲಿ ಅವಧಿ ಎಲ್ಲೂ ಬರೆದಿರುವುದಿಲ್ಲ. ಕೊನೆಯ ಸಮಯದ ಗುರುತಿನಿಂದ ಮೊದಲನೆಯದನ್ನು ಕಳೆದು ಪ್ಲೇಯರ್ ಲೆಕ್ಕ ಹಾಕುತ್ತದೆ. ಆ ಗುರುತಿಗೆ ಇರುವುದು 33 ಬಿಟ್ ಜಾಗ, ಸೆಕೆಂಡಿಗೆ 90,000 ಎಣಿಕೆ. ಹೀಗಾಗಿ ಸುಮಾರು ಇಪ್ಪತ್ತಾರೂವರೆ ಗಂಟೆಗೊಮ್ಮೆ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಚಾನೆಲ್‌ನ ಎಣಿಕೆ ಸೊನ್ನೆಗೆ ಬಂದ ಹೊತ್ತು ನಿಮ್ಮ ರೆಕಾರ್ಡಿಂಗ್ ನಡುವೆ ಬಿದ್ದಿದ್ದರೆ ಲೆಕ್ಕ ಹೀಗೆ ಹಾರುತ್ತದೆ. ಎಂಪಿ4ಗೆ ಕಾಪಿ ಮಾಡಿಸಿ ನೋಡಿ, ಎಫ್‌ಎಫ್‌ಎಂಪೆಗ್ ಸಾಮಾನ್ಯವಾಗಿ ಇದನ್ನು ಸರಿಮಾಡಿಕೊಳ್ಳುತ್ತದೆ.

ಪ್ರಶ್ನೆ: ಅವಧಿಯನ್ನು ಡೇಟಾಬೇಸ್‌ನಲ್ಲಿ ಇಡುವುದಾದರೆ ಹೇಗೆ ಇಡಬೇಕು? ಮೂಲ ಫೈಲಿನದ್ದು ಒಂದು ಇದ್ದರೆ ಸಾಕೇ? — ಓದುಗರು, ಬೆಂಗಳೂರು

ಉತ್ತರ: ಸಾಕಾಗುವುದಿಲ್ಲ. ಮೂಲದ್ದು ಒಂದು, ಟ್ರಾನ್ಸ್‌ಕೋಡ್ ಆದ ಪ್ರತಿ ಫೈಲಿಗೂ ಒಂದೊಂದು ಇರಲಿ. ಮಿಲಿಸೆಕೆಂಡ್ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ. 12:34 ಅಂತ ಅಕ್ಷರದಲ್ಲಿ ಇಡಬೇಡಿ, ಅದು ನಿಮಿಷವೋ ಗಂಟೆಯೋ ಅಂತ ಮುಂದೆ ಯಾರಿಗೂ ಗೊತ್ತಾಗುವುದಿಲ್ಲ. ತೋರಿಸುವಾಗ ಬೇಕಾದ ರೂಪಕ್ಕೆ ತನ್ನಿ. ಗೂಗಲ್ ಹುಡುಕಾಟದಲ್ಲಿ ಅವಧಿ ಕಾಣಲಿ ಅಂದರೆ ಪುಟದಲ್ಲಿ ಹುಡುಕುವ ಯಂತ್ರಗಳಿಗಾಗಿ ಬರೆಯುವ ಸ್ಕೀಮಾ ಭಾಗದಲ್ಲಿ 'ಪಿಟಿ12ಎಂ34ಎಸ್' ಅನ್ನುವ ಮಾದರಿ ಬೇಕು, ಅಂದರೆ 12 ನಿಮಿಷ 34 ಸೆಕೆಂಡ್. ಎಚ್‌ಎಲ್‌ಎಸ್‌ನಂತೆಯೇ ತುಂಡು ತುಂಡಾಗಿ ಕಳಿಸುವ ಡ್ಯಾಶ್ ವಿಧಾನದ ಪಟ್ಟಿಗೂ ಇದೇ ಮಾದರಿ.

ಪ್ರತಿ ಫೈಲಿಗೂ ಬೇರೆ ಬೇರೆ ಯಾಕೆ ಅಂದರೆ, ಟ್ರಾನ್ಸ್‌ಕೋಡ್ ಅರ್ಧಕ್ಕೆ ನಿಲ್ಲುವುದುಂಟು. ಡಿಸ್ಕ್ ತುಂಬಿತು, ಮೆಮೊರಿ ಸಾಲಲಿಲ್ಲ, ಮೂಲ ಫೈಲಿನ ಮಧ್ಯದಲ್ಲಿ ಏನೋ ಕೆಟ್ಟಿತ್ತು. ಆಗಲೂ ಕೆಲವೊಮ್ಮೆ ಓಡುವ ಫೈಲೇ ಸಿಗುತ್ತದೆ, 40 ನಿಮಿಷದ ಬದಲು 23 ನಿಮಿಷದ್ದು. ಮೂಲದ ಅವಧಿಯನ್ನೇ ಎಲ್ಲದಕ್ಕೂ ತೋರಿಸಿದರೆ ಪ್ಲೇಯರ್ 40 ಅನ್ನುತ್ತದೆ, ವಿಡಿಯೋ 23ಕ್ಕೆ ನಿಲ್ಲುತ್ತದೆ, ನೋಡುವವರು ತಮ್ಮ ನೆಟ್ ಸರಿ ಇಲ್ಲ ಅಂದುಕೊಂಡು ಮತ್ತೆ ಮತ್ತೆ ಒತ್ತುತ್ತಾ ಕೂರುತ್ತಾರೆ. ಅವರ ಹೊತ್ತು, ಅವರ ಡೇಟಾ ಎರಡೂ ಹಾಳು. ಕನ್ವರ್ಟ್ ಮುಗಿದ ಮೇಲೆ ಹೊಸ ಫೈಲನ್ನು ಪ್ರೋಬ್ ಮಾಡಿ ಮೂಲದ ಜೊತೆ ಹೋಲಿಸಿ. ವ್ಯತ್ಯಾಸ ಒಂದು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಆ ಫೈಲನ್ನು ಜನರಿಗೆ ತೋರಿಸಬೇಡಿ, ಮತ್ತೆ ಕನ್ವರ್ಟ್‌ಗೆ ಹಾಕಿ.